ಕೆರೆಯ ಶಾಸನ, ಕುದುರೆ ಸವಾರನ ಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಕರ್ನಾಟಕದ ಪ್ರಾಚೀನ ಇತಿಹಾಸವನ್ನು ತರಗತಿಯಲ್ಲಿ ಹೇಗೆ ಕಲಿಸಬೇಕು ಎಂಬ ಬಗ್ಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಶಿಕ್ಷಕರು. ಕೆಲವು ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ತಿರುಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಪ್ರತಿವರ್ಷವೂ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತೇನೆ. ಅಶೋಕನ ಶಾಸನವನ್ನು ತೋರಿಸಿ, ಇಲ್ಲಿ ಇಸಿಲ ಎಂಬ ಪಟ್ಟಣವಿತ್ತು ಎಂದು ಹೇಳುತ್ತೇನೆ. ‘ಹಾಗಾದರೆ ಆ ಪಟ್ಟಣ ಎಲ್ಲಿದೆ, ಇಲ್ಲಿ ಬರೀ ಕಲ್ಲಿನ ಗೋರಿಗಳಿವೆಯಲ್ಲ’ ಎಂದು ಈ ವರ್ಷ ಒಬ್ಬ ಹುಡುಗಿ ಕೇಳಿದಳು. ಶಾಸನ ಹೇಳುವುದಕ್ಕೂ ಅಗೆತದಲ್ಲಿ ಸಿಕ್ಕಿದ್ದಕ್ಕೂ ಹೊಂದಾಣಿಕೆಯಾಗದಿದ್ದಾಗ ಯಾವುದನ್ನು ನಿಜವೆಂದು ಹೇಳಬೇಕು?
— ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ

ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುವ ಅವಸರ ಬೇಡ. ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಒಂದು ವಾರ ಅಳಿಸದೆ ಬಿಡಿ.

ಮೊದಲು ಬರಹವನ್ನು ನೋಡೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು ಶಾಸನ ವಿದ್ವಾಂಸ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮೂಲಕ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಎಂದು ಬ್ರಹ್ಮಗಿರಿಯ ಬರಹವೇ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬ ಬೋಧನೆ ಅದರಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದು, ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಭಾರತ ಉಪಖಂಡದ ವಾಯವ್ಯ ಭಾಗದ ಲಿಪಿ. ಇಡೀ ಶಾಸನದಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾಗುವುದು ಚಕ್ರವರ್ತಿಯ ಉಪದೇಶವಲ್ಲ, ಈ ಒಂದು ಪದ ಎಂಬುದು ನನ್ನ ಅನುಭವ. ಅಷ್ಟು ದೂರದ ಲಿಪಿಯನ್ನು ಬಲ್ಲವನು ಇಲ್ಲಿಗೆ ಹೇಗೆ ಬಂದ, ಅವನ ಬರಹವನ್ನು ಇಲ್ಲಿ ಯಾರು ಓದುತ್ತಿದ್ದರು ಎಂದು ಅವರೇ ಕೇಳತೊಡಗುತ್ತಾರೆ.

ಇನ್ನು ನೆಲ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಇಲ್ಲಿ ಅಗೆದರು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಾರ್ಟಿಮರ್ ವೀಲರ್ ಅಗೆದರು. ಪದರಗಳ ಕ್ರಮ ಸ್ಪಷ್ಟವಾಗಿತ್ತು: ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನ, ಅದರ ಮೇಲೆ ಕಬ್ಬಿಣವನ್ನೂ ಕಪ್ಪು-ಕೆಂಪು ಮಡಕೆಗಳನ್ನೂ ಬಳಸಿ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಜನ, ಇನ್ನೂ ಮೇಲೆ ಶಾತವಾಹನರ ಕಾಲದ ವಸತಿ. ಮಹಾಮಾತ್ರರು ಆಡಳಿತ ನಡೆಸುತ್ತಿದ್ದ ಊರೆಂದರೆ ನಮ್ಮ ಕಣ್ಣಿಗೆ ಕಟ್ಟುವ ಕೋಟೆ, ಕಚೇರಿ, ಅರಮನೆಗಳು ಅಲ್ಲಿ ಕಾಣಿಸಲಿಲ್ಲ. ನಿಮ್ಮ ವಿದ್ಯಾರ್ಥಿನಿ ನೋಡಿದ್ದು ಸರಿಯಾಗಿಯೇ ಇದೆ.

ಈಗ ಇವೆರಡರಲ್ಲಿ ಒಂದನ್ನು ಸುಳ್ಳೆನ್ನಬೇಕಾದ ಅಗತ್ಯವೇನೂ ಇಲ್ಲ, ಏಕೆಂದರೆ ಅವು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಯಾರು ಯಾರಿಗೆ ಏನನ್ನು ಹೇಳಿಕಳುಹಿಸಿದರು ಎಂಬುದನ್ನು ಬಂಡೆ ಹೇಳುತ್ತದೆ. ಆ ಮಾತು ಬಂದು ತಲುಪಿದ ಸೀಮೆಯಲ್ಲಿ ಯಾರು ಬದುಕಿದ್ದರು, ಯಾವ ಮಡಕೆಯಲ್ಲಿ ಉಂಡರು, ಸತ್ತವರನ್ನು ಹೇಗೆ ಮಣ್ಣು ಮಾಡಿದರು ಎಂಬುದನ್ನು ನೆಲ ಹೇಳುತ್ತದೆ. ಆಜ್ಞೆ ಕೊರೆಯಿಸಿದವನ ಸಾಮ್ರಾಜ್ಯ ಎಷ್ಟು ದೊಡ್ಡದಾಗಿದ್ದರೂ ಊರಿನ ಬದುಕಿನಲ್ಲಿ ಅದು ಎಷ್ಟು ಆಳಕ್ಕೆ ಇಳಿದಿತ್ತು ಎಂಬ ಪ್ರಶ್ನೆ ಹುಟ್ಟುವುದು ಈ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ. ‘ಇಸಿಲ’ ಎಂಬ ಹೆಸರೇ ಕನ್ನಡ ಮೂಲದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಆ ಊಹೆ ನಿಲ್ಲುವುದಾದರೆ ಪ್ರಾಕೃತದ ಆಜ್ಞೆಯೊಳಗೆ ಸ್ಥಳೀಯರ ಬಾಯಿಯ ಮಾತೊಂದು ಸಿಕ್ಕಿಕೊಂಡಿದೆ ಎಂದಾಯಿತು.

ಬರಹ ಪಕ್ಷಪಾತಿ, ನೆಲ ಮಾತ್ರ ಸತ್ಯವಂತ ಎಂಬ ಇನ್ನೊಂದು ಅತಿಗೂ ಹೋಗಬಾರದು. ಬ್ರಹ್ಮಗಿರಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಇದ್ದಿಲು, ಮೂಳೆಯಂಥ ವಸ್ತುಗಳಲ್ಲಿ ಉಳಿದ ಇಂಗಾಲದಿಂದ ಕಾಲವನ್ನು ಅಳೆಯುವ ರೇಡಿಯೋ ಕಾರ್ಬನ್ ವಿಧಾನ ವೀಲರ್ ಅಗೆದ ಕಾಲಕ್ಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸರಕುಗಳ ಜೊತೆ ಸಿಕ್ಕಿದ್ದ ಒಂದು ಬಗೆಯ ಮಡಕೆ ಇಲ್ಲಿಯೂ ಸಿಕ್ಕಿದ್ದರಿಂದ ಅದನ್ನು ಮೊಳೆಯಾಗಿ ಮಾಡಿಕೊಂಡು, ಅಲ್ಲಿಂದ ಕೆಳಕ್ಕೆ ಪದರಗಳ ದಪ್ಪವನ್ನು ಲೆಕ್ಕಹಾಕಿ ಅವರು ಕಾಲ ನಿರ್ಣಯ ಮಾಡಿದರು. ಹಾಗೆ ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿ ಇಲ್ಲಿ ಕ್ರಿ.ಪೂ. 200ರ ಸುಮಾರಿಗೆ, ಎಂದರೆ ಅಶೋಕನ ನಂತರ, ಆರಂಭವಾಯಿತು ಎಂಬ ತೀರ್ಮಾನಕ್ಕೆ ಬಂದರು. ಮುಂದೆ ದಕ್ಷಿಣ ಭಾರತದ ಬೇರೆ ಬೇರೆ ನೆಲೆಗಳಿಂದ ಬಂದ ರೇಡಿಯೋ ಕಾರ್ಬನ್ ಕಾಲಮಾನಗಳು ಕಬ್ಬಿಣ ಬಳಸಿದ ಈ ಜನರನ್ನು ಹಲವು ಶತಮಾನಗಳಷ್ಟು, ಕಲ್ಲಿನ ಕೊಡಲಿಯ ಜನರನ್ನು ಕ್ರಿ.ಪೂ. 3ನೆಯ ಸಹಸ್ರಮಾನದವರೆಗೆ ಹಿಂದಕ್ಕೆ ತಳ್ಳಿದವು. ಅಗೆದು ತೆಗೆದ ವಸ್ತು ಬದಲಾಗಲಿಲ್ಲ. ಅದನ್ನು ಓದುವ ಬಗೆ ಬದಲಾಯಿತು. ಮಡಕೆಯ ಚೂರನ್ನೂ ಒಬ್ಬರು ಓದಬೇಕಾಗುತ್ತದೆ, ಓದುವವರು ತಪ್ಪುತ್ತಾರೆ ಎಂಬುದು ಹತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗದ ವಿಷಯವಲ್ಲ.

ಒಂದು ಸಣ್ಣ ಸಲಹೆ. ಮುಂದಿನ ಬಾರಿ ಮಕ್ಕಳನ್ನು ನೇರವಾಗಿ ಶಾಸನದ ಬಂಡೆಗೆ ಕರೆದೊಯ್ಯಬೇಡಿ. ಮೊದಲು ಸಮಾಧಿಗಳ ನಡುವೆ ನಡೆಸಿ, ವಸತಿಯ ನೆಲೆಯನ್ನು ನೋಡಿಸಿ, ಇಲ್ಲಿ ಎಂಥ ಜನ ಇದ್ದಿರಬಹುದು ಎಂದು ಬರೆಯಿಸಿ. ಶಾಸನ ಕೊನೆಯಲ್ಲಿರಲಿ. ಶಾಸನವನ್ನು ಮೊದಲೇ ಓದಿಸಿದರೆ ಅನಂತರ ಕಂಡ ಪ್ರತಿಯೊಂದು ಕಲ್ಲೂ ‘ಅಶೋಕನ ಕಾಲದ್ದು’ ಆಗಿಬಿಡುತ್ತದೆ. ಮೊದಮೊದಲು ನಾನೂ ಹೀಗೆಯೇ ಮಾಡುತ್ತಿದ್ದೆ. ಮಕ್ಕಳ ಟಿಪ್ಪಣಿ ಪುಸ್ತಕಗಳೆಲ್ಲ ಒಂದೇ ರೀತಿ ಇರುವುದನ್ನು ಕಂಡ ಮೇಲೆ ಕ್ರಮವನ್ನು ತಿರುಗಿಸಿದೆ.

ಪ್ರಶ್ನೆ: ನಮ್ಮ ಕಡೆ ಹಿರೇಬೆಣಕಲ್ಲಿನ ಕಲ್ಲಿನ ಮನೆಗಳನ್ನು ಮೋರ್ಯರ ಮನೆ ಎನ್ನುತ್ತಾರೆ, ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಊರಿನ ಹಿರಿಯರು ಇದನ್ನೇ ಮಕ್ಕಳಿಗೆ ಹೇಳುತ್ತಾರೆ. ಅವರೆದುರಿಗೇ ‘ಇದು ತಪ್ಪು’ ಎಂದು ತಿದ್ದಬೇಕೇ?
— ಕೊಪ್ಪಳ ಜಿಲ್ಲೆಯ ಶಿಕ್ಷಕರು

ತಿದ್ದಬೇಡಿ, ಬರೆದುಕೊಳ್ಳಿ. ಹೇಳಿದವರ ವಯಸ್ಸು, ಅವರು ಯಾರಿಂದ ಕೇಳಿದ್ದು, ಕಥೆಯಲ್ಲಿ ಏನೇನು ಬರುತ್ತದೆ ಎಂಬುದನ್ನೆಲ್ಲ ಮಕ್ಕಳು ದಾಖಲಿಸಲಿ. ದಿಬ್ಬದ ಅಳತೆಯ ಪಕ್ಕದಲ್ಲಿಯೇ ಆ ಕಥೆಗೂ ಒಂದು ಪುಟ ಇರಲಿ.

ಬೂದಿದಿಬ್ಬಗಳ ವಿಷಯ ನಿಜಕ್ಕೂ ಸೊಗಸಾಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಇಂಥ ದಿಬ್ಬಗಳು ಹಲವಾರಿವೆ. ಜನ ಅವನ್ನು ರಾಕ್ಷಸರ ಚಿತೆಯೆಂದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿಯೂ ಇವು ಏನೆಂಬುದರ ಬಗ್ಗೆ ಒಮ್ಮತವಿರಲಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದು ಪ್ರಾಚೀನ ದನಗಾಹಿಗಳು ಬಿಟ್ಟುಹೋದ ಸಗಣಿಯ ಬೂದಿ ಎಂಬ ದಿಕ್ಕಿನಲ್ಲಿ ಯೋಚಿಸಿದ್ದರು. ಕೃಷ್ಣಾ ನದಿಯಾಚೆಯ, ಈಗ ತೆಲಂಗಾಣದಲ್ಲಿರುವ, ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ ಅಗೆದಾಗ ಬೇಲಿಯ ಕಂಬಗಳನ್ನು ನೆಟ್ಟಿದ್ದ ಕುಳಿಗಳೂ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ನವಶಿಲಾಯುಗದ ಜನ ದನಗಳನ್ನು ದೊಡ್ಡ ದೊಡ್ಡಿಗಳಲ್ಲಿ ಕೂಡಿ, ಸೇರಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರ ಫಲ ಈ ದಿಬ್ಬ. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ನಡೆಸಿದ ಅಗೆತ ದಿಬ್ಬದ ಪಕ್ಕದಲ್ಲಿಯೇ ಜನವಸತಿಯೂ ಇದ್ದುದನ್ನು ತೋರಿಸಿತು.

ಊರಿನವರ ಕಥೆ ಒಂದು ಮಾತನ್ನು ಸರಿಯಾಗಿಯೇ ಹಿಡಿದಿತ್ತು: ಅದು ಬೂದಿ, ಮನುಷ್ಯರು ಹಚ್ಚಿದ ಬೆಂಕಿಯ ಬೂದಿ, ತೀರಾ ಹಿಂದಿನದು. ಕಾರಣವನ್ನು ಮಾತ್ರ ಅದು ತನಗೆ ಗೊತ್ತಿದ್ದ ರಾಮಾಯಣದಿಂದ ತಂದುಕೊಂಡಿತು. ಹೀಗೆ ಕಥೆಯನ್ನು ಬಿಡಿಸಿ ತೋರಿಸಿದರೆ ಹಿರಿಯರಿಗೆ ಅವಮಾನವೂ ಆಗುವುದಿಲ್ಲ, ಮಕ್ಕಳಿಗೆ ತಪ್ಪು ತಿಳಿವಳಿಕೆಯೂ ಉಳಿಯುವುದಿಲ್ಲ.

ಹಿರೇಬೆಣಕಲ್ಲಿನ ಹೆಸರಿನಲ್ಲಿ ಮಾತ್ರ ಎಚ್ಚರಿಕೆ ಬೇಕು. ‘ಮೋರ್ಯರ’ ಎಂಬುದನ್ನು ಕೇಳಿದ ಕೂಡಲೇ ಮೌರ್ಯರು ಎಂದು ಜೋಡಿಸಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳನ್ನು ಅದಕ್ಕೆ ಸಾಕ್ಷಿಯಾಗಿ ತರುವವರಿದ್ದಾರೆ. ಜನರ ಕಥೆಗಳಲ್ಲಿ ಮೋರ್ಯರು ಕುಳ್ಳಗಿನ ಜನ, ಪಾಟಲಿಪುತ್ರದ ಅರಸರಲ್ಲ. ಧ್ವನಿಯ ಹೋಲಿಕೆಯೊಂದರಿಂದಲೇ ಇತಿಹಾಸ ಕಟ್ಟುವುದು ನಮ್ಮಲ್ಲಿ ಬಹಳ ಹಳೆಯ ಚಟ. ಅಲ್ಲಿಗೆ ಹೋದಾಗ ಹೆಸರಿನ ಚರ್ಚೆಯನ್ನು ಬದಿಗಿಟ್ಟು ಚಪ್ಪಡಿಗಳ ಮೂಲವನ್ನು ಹುಡುಕಿಸಿ. ಬಂಡೆಯಿಂದ ಕಲ್ಲನ್ನು ಎಬ್ಬಿಸಿದ ಜಾಗಗಳು ಹತ್ತಿರದಲ್ಲೇ ಕಾಣುತ್ತವೆ. ಒಂದು ಚಪ್ಪಡಿಯನ್ನು ಅಲ್ಲಿಂದ ಇಲ್ಲಿಗೆ ತರಲು ಎಷ್ಟು ಜನ ಬೇಕಾಗುತ್ತಾರೆ, ಅಷ್ಟು ಜನರನ್ನು ಯಾರು ಒಟ್ಟುಗೂಡಿಸಿದರು ಎಂದು ಕೇಳಿದರೆ ಬರಹವೇ ಇಲ್ಲದ ಸಮಾಜದ ಬಗ್ಗೆಯೂ ಒಂದು ಗಂಟೆ ಚರ್ಚೆ ನಡೆಯುತ್ತದೆ.

ಪ್ರಶ್ನೆ: ತಾಳಗುಂದದ ಸ್ತಂಭ ಶಾಸನವನ್ನು ಕಲಿಸುವಾಗ ಮಯೂರಶರ್ಮನ ಕಥೆ ಹೇಳುತ್ತೇನೆ. ಶಾಸನವೇ ಎಲ್ಲವನ್ನೂ ಹೇಳಿಬಿಡುವುದರಿಂದ ಅಲ್ಲಿಗೆ ಹೋಗಿ ಹೆಚ್ಚಾಗಿ ಕಲಿಯುವುದೇನಿದೆ ಎನಿಸುತ್ತದೆ. ಸ್ತಂಭ ನೋಡಿ, ಚಿತ್ರ ತೆಗೆದು ಬರುತ್ತೇವೆ.
— ಶಿವಮೊಗ್ಗ ಜಿಲ್ಲೆಯ ಬಿ.ಇಡಿ. ವಿದ್ಯಾರ್ಥಿ

ಕದಂಬರ ಮೊದಲ ಅರಸ ಮಯೂರಶರ್ಮ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ (ವಿದ್ಯಾಕೇಂದ್ರಕ್ಕೆ) ಹೋದದ್ದು, ಅಲ್ಲಿ ಪಲ್ಲವರ ಕುದುರೆಯವನೊಂದಿಗೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಇವೆಲ್ಲ ನಿಮ್ಮ ಪಾಠದಲ್ಲಿ ಬಂದಿರುತ್ತವೆ. ಆ ಕಂಬವನ್ನು ಏತಕ್ಕಾಗಿ ನಿಲ್ಲಿಸಿದರು ಎಂಬುದು ಬಂದಿದೆಯೇ? ತಾಳಗುಂದದ ಶಿವಾಲಯಕ್ಕಾಗಿ ಅದೇ ವಂಶದ ಅರಸ ಕಾಕುಸ್ಥವರ್ಮ ಒಂದು ಕೆರೆಯನ್ನು ಮಾಡಿಸಿದ. ಅದನ್ನು ದಾಖಲಿಸುವುದಕ್ಕೆ ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಕಾವ್ಯ ಇದು. ಕಂಚಿಯ ಕಥೆ ಅದಕ್ಕೆ ಪೀಠಿಕೆ. ನಡೆದ ಘಟನೆಗೂ ಬರಹಕ್ಕೂ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ, ಹೇಳುತ್ತಿರುವವನು ಅದೇ ವಂಶದ ಆಶ್ರಯದಲ್ಲಿದ್ದ ಕವಿ. ಶಾಸನ ಕೆರೆಯದು, ನಾವು ಪಾಠ ಮಾಡುತ್ತಿರುವುದು ಕುದುರೆ ಸವಾರನದು.

ಸ್ಥಳಕ್ಕೆ ಹೋದಾಗ ಈ ವ್ಯತ್ಯಾಸ ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಕಂಚಿ ಅಲ್ಲಿಂದ ಕಾಣುವುದಿಲ್ಲ. ಕಂಬದ ಎದುರು ನಿಂತು, ನೀರು ಯಾವ ಕಡೆಯಿಂದ ಹರಿದುಬರುತ್ತದೆ, ತಗ್ಗು ಎಲ್ಲಿದೆ, ಏರಿ ಹಾಕುವುದಾದರೆ ಎಲ್ಲಿ ಹಾಕಬಹುದು, ಗದ್ದೆಗಳು ಯಾವ ದಿಕ್ಕಿಗಿವೆ ಎಂದು ಮಕ್ಕಳಿಂದ ನಕ್ಷೆ ಬರೆಯಿಸಿ. ಅನಂತರ ಚಿತ್ರದುರ್ಗದ ಚಂದ್ರವಳ್ಳಿಯ ಶಾಸನವನ್ನು ಪಕ್ಕದಲ್ಲಿ ಇಡಿ. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ಪ್ರಾಕೃತದಲ್ಲಿ, ಮಯೂರಶರ್ಮ ಕೆರೆಯನ್ನು ಮಾಡಿಸಿದ ವಿಷಯವಿದೆ. ಅದರಲ್ಲಿ ಬರುವ ರಾಜವಂಶಗಳ ಪಟ್ಟಿಯನ್ನು ಹೇಗೆ ಓದಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಮತ್ತು ನಮ್ಮ ಪಾಠಗಳು ಮತ್ತೆ ಆ ಪಟ್ಟಿಯ ಬೆನ್ನು ಹತ್ತುತ್ತವೆ. ಕದಂಬರ ಮೊದಲ ಅರಸನ ಹೆಸರನ್ನು ಹೊತ್ತ ಎರಡು ಮುಖ್ಯ ಶಾಸನಗಳೂ ಕೆರೆಯ ದಂಡೆಯವು ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರೆ, ಹೊಸದಾಗಿ ತಲೆಯೆತ್ತಿದ ರಾಜ್ಯವೊಂದು ಜನರ ಒಪ್ಪಿಗೆಯನ್ನು ಯಾವುದರಿಂದ ಗಳಿಸಿತು ಎಂಬ ಪ್ರಶ್ನೆಗೆ ಯುದ್ಧವಲ್ಲದ ಒಂದು ಉತ್ತರ ಅವರಿಗೆ ಹೊಳೆಯಬಹುದು.

ಚಂದ್ರವಳ್ಳಿಗೆ ಇನ್ನೊಂದು ಉಪಯೋಗವಿದೆ. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಅಲ್ಲಿ ಅಗೆದಾಗ ಮಹಾರಠಿಗಳೆಂಬ ಸ್ಥಳೀಯ ನಾಯಕರ ಸೀಸದ ನಾಣ್ಯಗಳು, ಶಾತವಾಹನರ ನಾಣ್ಯಗಳು, ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯದಂಥವು ದೊರೆತಿವೆ. ಕದಂಬರು ಕಾಡಿನ ಮಧ್ಯೆ ಶೂನ್ಯದಿಂದ ಎದ್ದುಬಂದರು ಎಂಬಂತೆ ಕಾವ್ಯ ಓದಿಸಿಕೊಳ್ಳುತ್ತದೆ. ಅವರಿಗಿಂತ ಬಹಳ ಮೊದಲೇ ಈ ಸೀಮೆಯಲ್ಲಿ ಪೇಟೆ, ನಾಣ್ಯ, ದೂರದ ವ್ಯಾಪಾರ ಎಲ್ಲವೂ ಇದ್ದವು ಎಂದು ನೆಲ ತೋರಿಸುತ್ತದೆ. ತಾಳಗುಂದದ ಶಾಸನವೂ ಒಂದು ಕಡೆ ಇದನ್ನು ಒಪ್ಪಿಕೊಂಡಿದೆ: ಆ ದೇವಾಲಯದಲ್ಲಿ ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದು ಕುಬ್ಜನೇ ಹೇಳುತ್ತಾನೆ. ಅದೇ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಕದಂಬರಿಗಿಂತ ಹಿಂದಿನ ಚುಟು ವಂಶದ ಸಾತಕರ್ಣಿಯ ಶಾಸನ, ಅದರ ಕೆಳಗೆ ಕದಂಬರ ಕಾಲದ ಶಾಸನ, ಎರಡೂ ಪ್ರಾಕೃತದಲ್ಲಿ, ಒಂದೇ ಕಲ್ಲಿನ ಮೇಲಿವೆ. ಕಂಬವೂ ಪದರಗಳಿರುವ ದಿಬ್ಬದ ಹಾಗೆಯೇ ಎಂದು ತೋರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ಶಾಲೆಯ ಹತ್ತಿರದ ಹಾಳುದಿಬ್ಬದಲ್ಲಿ ಮಳೆ ಬಂದಾಗಲೆಲ್ಲ ಮಡಕೆ ಚೂರುಗಳು ಮೇಲೇಳುತ್ತವೆ. ಮಕ್ಕಳಿಂದ ಒಂದೆರಡು ಅಡಿ ಅಗೆಸಿ ನೋಡಬಹುದೇ? ಸಿಕ್ಕಿದ್ದನ್ನು ಶಾಲೆಯಲ್ಲಿ ಪ್ರದರ್ಶನಕ್ಕಿಡಬಹುದೇ?
— ರಾಯಚೂರು ಜಿಲ್ಲೆಯ ಶಾಲಾ ಮುಖ್ಯಶಿಕ್ಷಕರು

ಅಗೆಯಲೇಬಾರದು. ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು. ಸಂರಕ್ಷಿತ ನೆಲೆಯಾಗಿದ್ದರೆ 1958ರ ಕೇಂದ್ರ ಕಾಯ್ದೆ ಅಥವಾ 1961ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತದೆ. ನಾಣ್ಯ, ಆಭರಣದಂಥ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು. ಶಾಸನವನ್ನು ಇಂದು ತಪ್ಪಾಗಿ ಓದಿದರೆ ನಾಳೆ ಇನ್ನೊಬ್ಬರು ಸರಿಯಾಗಿ ಓದಬಹುದು, ಆದರೆ ಅಗೆದ ಪದರವನ್ನು ಮತ್ತೆ ಜೋಡಿಸಲಾಗದು.

ಮೇಲ್ಮೈಯಲ್ಲಿ ಕಾಣುವುದನ್ನು ಅಲ್ಲಿಯೇ ಬಿಟ್ಟು ದಾಖಲಿಸುವುದೇ ಒಂದು ಪೂರ್ಣ ಪಾಠ. ದಿಬ್ಬವನ್ನು ಹಗ್ಗ ಮತ್ತು ಗೂಟಗಳಿಂದ ಐದು ಮೀಟರ್ ಚೌಕಗಳಾಗಿ ವಿಂಗಡಿಸಿ. ಗೂಟಗಳನ್ನು ದಿಬ್ಬದ ಹೊರಗಂಚಿನಲ್ಲಿಯೇ ನೆಡಿ, ಮಧ್ಯದಲ್ಲಿ ಹಗ್ಗ ಮಾತ್ರ ಹಾಯಲಿ. ಒಂದೊಂದು ಚೌಕಕ್ಕೆ ಇಬ್ಬರಂತೆ ಮಕ್ಕಳು ಚೂರುಗಳನ್ನು ಎಣಿಸಲಿ. ಕಪ್ಪು-ಕೆಂಪು, ಬರೀ ಕೆಂಪು, ಬೂದು ಎಂದು ಬಣ್ಣದಿಂದ ಬೇರ್ಪಡಿಸಲಿ. ಬಾಯಂಚಿನ ಚೂರು ಎಷ್ಟು, ಒಡಲಿನ ಚೂರು ಎಷ್ಟು ಎಂದು ಬರೆಯಲಿ. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದು, ಎತ್ತಿದ್ದನ್ನು ಎತ್ತಿದ ಜಾಗದಲ್ಲಿಯೇ ಇಡಲಿ. ಎಣಿಕೆಯನ್ನು ನಕ್ಷೆಯ ಮೇಲೆ ಹಾಕಿದಾಗ ವಸತಿ ಎಲ್ಲಿ ದಟ್ಟವಾಗಿತ್ತು ಎಂಬುದರ ಒಂದು ಸುಳಿವು ಕಾಣುತ್ತದೆ. ಉಳುಮೆಯಿಂದ, ಮಳೆಯ ಹರಿವಿನಿಂದ ಚೂರುಗಳು ಜಾಗ ಬದಲಿಸಿರುವ ಸಾಧ್ಯತೆಯನ್ನೂ ಮಕ್ಕಳೇ ಹೇಳುವಂತೆ ಮಾಡಿ. ಜಮೀನಿನವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಒಂದು ಪ್ರತಿಯನ್ನು ರಾಜ್ಯ ಪುರಾತತ್ತ್ವ ಇಲಾಖೆಗೆ ಕಳುಹಿಸಿ. ಪ್ರದರ್ಶನಕ್ಕೆ ನಕ್ಷೆ ಮತ್ತು ಚಿತ್ರಗಳು ಸಾಕು.

ನಿಮ್ಮ ದಿಬ್ಬಕ್ಕೆ ಹೊಂದುವ ಬರಹ ಯಾವುದು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಎಪಿಗ್ರಾಫಿಯಾ ಕರ್ನಾಟಿಕ ಮುಖ್ಯವಾಗಿ ಹಳೆಯ ಮೈಸೂರು ಸೀಮೆಯ ಶಾಸನಗಳ ಸಂಗ್ರಹವಾದ್ದರಿಂದ ನಿಮ್ಮ ಭಾಗಕ್ಕೆ ಹೆಚ್ಚು ಒದಗುವುದಿಲ್ಲ. ನಿಮ್ಮ ಜಿಲ್ಲೆಯ ಶಾಸನ ಸಂಪುಟಗಳನ್ನೇ ನೋಡಬೇಕು. ಅಲ್ಲಿಯೂ ಸಿಗದಿದ್ದರೆ ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮವೆಂದು, ಎಂದರೆ ಜನವಸತಿಯಿಲ್ಲದ ಊರೆಂದು, ನಮೂದಾಗಿರುವ ಹೆಸರುಗಳನ್ನು ಗ್ರಾಮ ಆಡಳಿತ ಅಧಿಕಾರಿಯಿಂದ ಕೇಳಿ ತಿಳಿದುಕೊಳ್ಳಿ. ಹೊಲದ ಹೆಸರೂ ಬರಹವೇ.

ಪ್ರಶ್ನೆ: ಇದೆಲ್ಲ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಕೇಳುವುದು ಪಠ್ಯದ ಸಾಲುಗಳನ್ನೇ. ಕ್ಷೇತ್ರಕಾರ್ಯಕ್ಕೆ ಅಂಕ ಕೊಡುವುದು ಹೇಗೆ?
— ಕಲಬುರಗಿಯ ಪದವಿಪೂರ್ವ ಕಾಲೇಜಿನ ಉಪನ್ಯಾಸಕರು

ವಾರ್ಷಿಕ ಪರೀಕ್ಷೆಯ ಸ್ವರೂಪವನ್ನು ನೀವೂ ನಾನೂ ಬದಲಿಸಲಾರೆವು. ಆಂತರಿಕ ಮೌಲ್ಯಮಾಪನದಲ್ಲಿ ಯೋಜನೆಗೆ ಇರುವ ಅಂಕಗಳನ್ನು ಬಳಸಿಕೊಳ್ಳಿ, ಮತ್ತು ಬಣ್ಣದ ಹೊದಿಕೆಯ ಆಲ್ಬಮ್‌ಗೆ ಅಂಕ ಕೊಡುವುದನ್ನು ನಿಲ್ಲಿಸಿ.

ನಾನಾದರೆ ಒಂದೇ ಪ್ರಶ್ನೆ ಕೊಡುತ್ತೇನೆ, ಅದೂ ನಿಮ್ಮ ಜಿಲ್ಲೆಯ ಸನ್ನತಿಯದೇ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿ 1980ರ ದಶಕದಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಅಶೋಕನ ಶಾಸನಗಳಿರುವುದು ಕಂಡುಬಂತು. ವಿಗ್ರಹವನ್ನು ಕೂರಿಸಲು ಚಪ್ಪಡಿಯ ನಡುವೆ ತೂತು ಕೊರೆದಿದ್ದರಿಂದ ಹಲವು ಅಕ್ಷರಗಳು ಹೋಗಿವೆ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಿಂದ ನಡೆದ ಅಗೆತದಲ್ಲಿ ಬೌದ್ಧ ಸ್ತೂಪವೊಂದು ಹೊರಬಂತು. ಅದರ ಒಂದು ಶಿಲ್ಪಫಲಕದಲ್ಲಿ ಅರಸನ ಚಿತ್ರವೂ ‘ರಾಯ ಅಸೋಕೋ’ ಎಂಬ ಬರಹವೂ ಇವೆ. ಆ ಶಿಲ್ಪ ಅಶೋಕನ ಕಾಲಕ್ಕಿಂತ ಈಚಿನದು. ಇಷ್ಟನ್ನು ವಿದ್ಯಾರ್ಥಿಗಳ ಮುಂದಿಟ್ಟು ಹೀಗೆ ಕೇಳಿ: ಒಬ್ಬನೇ ಅರಸನನ್ನು ಒಂದು ಕಾಲದ ಜನ ಸ್ತೂಪದ ಮೇಲೆ ಹೆಸರು ಸಹಿತ ಕೆತ್ತಿದರು, ಇನ್ನೊಂದು ಕಾಲದ ಜನ ಅವನ ಮಾತಿನ ನಡುವೆಯೇ ತೂತು ಕೊರೆದರು, ಈ ಎರಡರ ನಡುವೆ ಸನ್ನತಿಯಲ್ಲಿ ಏನು ಬದಲಾಗಿರಬಹುದು, ನಿಮ್ಮ ಉತ್ತರದ ಯಾವ ವಾಕ್ಯಕ್ಕೆ ಬರಹ ಆಧಾರ, ಯಾವ ವಾಕ್ಯಕ್ಕೆ ಕಲ್ಲು ಆಧಾರ, ಯಾವುದು ನಿಮ್ಮ ಊಹೆ?

ಅರ್ಧದಷ್ಟು ಅಂಕಗಳನ್ನು ಕೊನೆಯ ವಿಂಗಡಣೆಗೆ ಮೀಸಲಿಡಿ. ಊಹೆಯನ್ನು ಊಹೆಯೆಂದೇ ಗುರುತಿಸಿದ ವಿದ್ಯಾರ್ಥಿಗೆ, ಊಹೆ ತಪ್ಪಿದ್ದರೂ, ಅಂಕ ಕಡಿಯಬೇಡಿ.